ಇಂಪಾಲಾನಾ, ಗ್ಯಾಲಕ್ಸಿನಾ? 1965ರ ಎರಡು ಅಮೆರಿಕನ್ ‘ದೊಡ್ಡ ಕಾರು’ಗಳಲ್ಲಿ ಸಂಗ್ರಹಕ್ಕೆ ಯಾವುದು ಲೇಸು?

ಎಲ್ಲರ ಹತ್ರ ಇರೋ ಮಾಲಿಗೆ ಮುಂದೆ ಬೆಲೆ ಬರಲ್ಲ, ಅಪರೂಪದ್ದಕ್ಕೇ ಬೆಲೆ ಅನ್ನೋದು ಸಾಮಾನ್ಯ ನಂಬಿಕೆ. ಆದರೆ ಅಮೆರಿಕದ ಹಳೇ ಕಾರುಗಳ ಪೇಟೆಯಲ್ಲಿ ಈ ಲೆಕ್ಕ ಉಲ್ಟಾ ಹೊಡೆದಿದೆ. 1965ರ ಷೆವರ್ಲೆ ಇಂಪಾಲಾ ಒಂದೇ ಮಾಡೆಲ್ ವರ್ಷದಲ್ಲಿ 10 ಲಕ್ಷಕ್ಕೂ ಹೆಚ್ಚು ತಯಾರಾದ ಕಾರು. ಅದರ ನೇರ ಎದುರಾಳಿ ಫೋರ್ಡ್ ಗ್ಯಾಲಕ್ಸಿ 500 ಅಷ್ಟು ಓಡಲಿಲ್ಲ. ಆದರೂ ಇವತ್ತು ಒಂದೇ ಸ್ಥಿತಿಯಲ್ಲಿರುವ ಈ ಎರಡು ಕಾರು ಪಕ್ಕಪಕ್ಕ ನಿಂತರೆ, ಸಾಮಾನ್ಯವಾಗಿ ಇಂಪಾಲಾಗೇ ಹೆಚ್ಚು ಬೆಲೆ.

ಹಾಗಾದರೆ ಕಡಿಮೆ ಬೆಲೆಗೆ ಸಿಗುವ ಗ್ಯಾಲಕ್ಸಿ ಕೊಂಡವನೇ ಜಾಣನಾ? ಅದೂ ಅಷ್ಟು ಸುಲಭದ ಮಾತಲ್ಲ. ಹಳೇ ಕಾರಿನಲ್ಲಿ ಕೊಳ್ಳುವ ದಿನ ಕೊಡೋ ದುಡ್ಡು ಒಂದು, ಅದನ್ನು ರಸ್ತೆಗೆ ತರೋ ದುಡ್ಡು ಇನ್ನೊಂದು. ಎರಡನ್ನೂ ಸೇರಿಸಿ ನೋಡಿದಾಗ ಚಿತ್ರ ಬದಲಾಗುತ್ತೆ. ಅದು ಹೇಗೆ ಅನ್ನೋದನ್ನ ಒಂದೊಂದಾಗಿ ನೋಡೋಣ.

‘ದೊಡ್ಡ ಕಾರು’ ಅಂದ್ರೆ ಎಷ್ಟು ದೊಡ್ಡದು?

ಅಮೆರಿಕದಲ್ಲಿ ‘ಫುಲ್ ಸೈಜ್’ ಅಂತ ಕರೆಯೋ ಕಾರುಗಳ ವರ್ಗವೇ ಬೇರೆ. 1965ರ ಇಂಪಾಲಾ ಉದ್ದ ಸುಮಾರು 213 ಇಂಚು, ಅಂದರೆ 5.4 ಮೀಟರ್. ಗ್ಯಾಲಕ್ಸಿ 210 ಇಂಚು, ಅಂದರೆ 5.3 ಮೀಟರ್. ಅಗಲ ಎರಡೂ ಹತ್ತಿರ ಹತ್ತಿರ 2 ಮೀಟರ್. ನಮ್ಮ ಅಂಬಾಸಿಡರ್ ಉದ್ದ 4.3 ಮೀಟರ್, ಮಾರುತಿ 800 ಉದ್ದ 3.3 ಮೀಟರ್ ಮಾತ್ರ. ಪೇಟೆ ಬೀದಿಯಲ್ಲಿ ಇಂಪಾಲಾ ನಿಲ್ಲಿಸಿದರೆ ಎರಡು ಅಂಗಡಿ ಮುಂಗಟ್ಟು ಮುಚ್ಚಿಹೋಗುತ್ತೆ.

ಅಷ್ಟು ದೊಡ್ಡ ಕಾರು ಅಲ್ಲಿ ಸಾಹುಕಾರರ ಕಾರಾಗಿರಲಿಲ್ಲ. ಸಂಬಳದಾರರು, ಸಣ್ಣ ವ್ಯಾಪಾರಿಗಳು, ಮಕ್ಕಳೊಂದಿಗನ ಸಂಸಾರದವರು ಕೊಳ್ಳುತ್ತಿದ್ದ ಮಾಮೂಲಿ ಕಾರು. ಎರಡು ಬಾಗಿಲಿನ ಸಾಧಾರಣ ಮಾದರಿಗಳ ಹೊಸ ಬೆಲೆ 3,000 ಡಾಲರ್ ಒಳಗೇ ಇತ್ತು. ಪೆಟ್ರೋಲ್ ಗ್ಯಾಲನ್‌ಗೆ ಸುಮಾರು 31 ಸೆಂಟ್. ಒಂದು ಗ್ಯಾಲನ್ ಅಂದರೆ 3.8 ಲೀಟರ್. 1956ರ ಕಾನೂನಿನ ನಂತರ ಊರಿಂದೂರಿಗೆ ದೊಡ್ಡ ಹೆದ್ದಾರಿಗಳು ಬರುತ್ತಿದ್ದವು. ಹಾಗಾಗಿ ಲೀಟರ್‌ಗೆ ಎಷ್ಟು ಕಿಲೋಮೀಟರ್ ಅನ್ನೋ ಪ್ರಶ್ನೆಯನ್ನು ಹೆಚ್ಚಿನವರು ಕೇಳುತ್ತಲೇ ಇರಲಿಲ್ಲ.

1965ನೇ ಇಸವಿಯೇ ಯಾಕೆ?

ಯಾಕಂದ್ರೆ ಆ ವರ್ಷ ಎರಡೂ ಕಂಪನಿಗಳು ತಮ್ಮ ದೊಡ್ಡ ಕಾರನ್ನು ಬುಡದಿಂದ ಹೊಸದಾಗಿ ಕಟ್ಟಿದವು. ಷೆವರ್ಲೆ 1958ರಿಂದ ‘ಎಕ್ಸ್’ ಆಕಾರದ ಚಾಸಿ ಬಳಸುತ್ತಿತ್ತು. ಅದರಲ್ಲಿ ಬಾಗಿಲ ಕೆಳಗೆ, ಪಕ್ಕದಲ್ಲಿ ಚಾಸಿಯ ಕಬ್ಬಿಣ ಇರುತ್ತಿರಲಿಲ್ಲ. 1965ಕ್ಕೆ ಅದನ್ನು ಬಿಟ್ಟು, ಕಾರಿನ ಸುತ್ತ ಅಂಚಿನಲ್ಲೇ ಹೋಗುವ ಚಾಸಿ ತಂದಿತು. ಪಕ್ಕದ ಗಾಜುಗಳು ಬಾಗಿದ ಆಕಾರಕ್ಕೆ ಬಂದವು, ಹಿಂಬದಿ ಇಳಿಜಾರಾಯಿತು.

ಫೋರ್ಡ್ ಕೂಡ ಹೊಸ ಚಾಸಿ ತಂದು, ಹಿಂಬದಿಗೆ ಅಲ್ಲಿಯವರೆಗೆ ಇದ್ದ ಲಾರಿ ಥರದ ಪಟ್ಟಿ ಸ್ಪ್ರಿಂಗ್ ತೆಗೆದು ಸುರುಳಿ ಸ್ಪ್ರಿಂಗ್ ಹಾಕಿತು. ಮುಂದೆ ಹೆಡ್‌ಲೈಟ್‌ಗಳನ್ನು ಅಕ್ಕಪಕ್ಕದ ಬದಲು ಒಂದರ ಮೇಲೊಂದು ಜೋಡಿಸಿತು. ಎರಡೂ ಕಾರುಗಳ ಮುಂದಿನ ಚಕ್ರದಿಂದ ಹಿಂದಿನ ಚಕ್ರದ ಅಂತರ ಒಂದೇ, 119 ಇಂಚು. ಅಂದರೆ ಎದುರುಬದುರು ಅಂಗಡಿ ಇಟ್ಟ ಇಬ್ಬರು ವ್ಯಾಪಾರಿಗಳು ಒಂದೇ ಹಬ್ಬಕ್ಕೆ ಹೊಸ ಮಾಲು ತರಿಸಿದ ಹಾಗೆ. ಹೋಲಿಕೆ ಮಾಡೋಕೆ ಇದಕ್ಕಿಂತ ಒಳ್ಳೇ ವರ್ಷ ಸಿಗಲ್ಲ.

ಇಂಪಾಲಾ: ಹೆಸರು ಆಫ್ರಿಕಾದ್ದು, ಅಭಿಮಾನ ಅಮೆರಿಕದ್ದು

ಇಂಪಾಲಾ ಅಂದರೆ ಆಫ್ರಿಕಾದ ಒಂದು ಜಾತಿಯ ಜಿಂಕೆ. ಈ ಹೆಸರಿನ ಕಾರು ಮಾರುಕಟ್ಟೆಗೆ ಬಂದಿದ್ದು 1958ರಲ್ಲಿ. 1965ರ ಮಾಡೆಲ್ ವರ್ಷದಲ್ಲಿ ಸಾದಾ ಇಂಪಾಲಾ ಮತ್ತು ಅದರ ಸ್ಪೋರ್ಟ್ಸ್ ರೂಪವಾದ ‘ಸೂಪರ್ ಸ್ಪೋರ್ಟ್’ ಸೇರಿ ಒಟ್ಟು 10,46,514 ಕಾರುಗಳಾದವು. ಅದರಲ್ಲಿ ಸೂಪರ್ ಸ್ಪೋರ್ಟ್ 2,43,114. ಅಮೆರಿಕದಲ್ಲಿ ಒಂದೇ ಹೆಸರಿನ ಕಾರು ಒಂದು ವರ್ಷದಲ್ಲಿ ಇಷ್ಟು ಹೋಗಿದ್ದು ದೊಡ್ಡ ಸಂಗತಿ.

ಗುರುತು ಹಿಡಿಯೋದು ಸುಲಭ. ಹಿಂದೆ ಆ ಕಡೆ ಮೂರು, ಈ ಕಡೆ ಮೂರು ದುಂಡಗಿನ ಕೆಂಪು ದೀಪಗಳಿದ್ದರೆ 1965. ಮರುವರ್ಷ, 1966ರಲ್ಲಿ, ಆ ದೀಪಗಳು ಚೌಕಾಕಾರಕ್ಕೆ ತಿರುಗಿದವು.

ಗ್ಯಾಲಕ್ಸಿ: ರೇಸಿನಲ್ಲಿ ಗೆದ್ದಿತು, ಸದ್ದಿಲ್ಲದೆ ಓಡಿತು

ಗ್ಯಾಲಕ್ಸಿ ಹೆಸರು 1959ರ ಮಾದರಿಗೆ ಬಂದಿದ್ದು, ಬಾಹ್ಯಾಕಾಶಕ್ಕೆ ಯಾರು ಮೊದಲು ಅಂತ ಅಮೆರಿಕ–ರಷ್ಯಾ ಪೈಪೋಟಿ ನಡೆಸುತ್ತಿದ್ದ ಕಾಲ. 1965ರಲ್ಲಿ ಈ ಕಾರು ಎರಡು ಕಡೆ ಹೆಸರು ಮಾಡಿತು.

ಒಂದು, ರೇಸ್ ಮೈದಾನ. ನ್ಯಾಸ್ಕಾರ್ ಅನ್ನೋ ಅಲ್ಲಿನ ಪ್ರಸಿದ್ಧ ಕಾರ್ ರೇಸಿನಲ್ಲಿ ಆ ವರ್ಷದ 55 ಸ್ಪರ್ಧೆಗಳಲ್ಲಿ 48ನ್ನು ಫೋರ್ಡ್ ಗೆದ್ದಿತು. ಚಾಂಪಿಯನ್ ಆದ ನೆಡ್ ಜ್ಯಾರೆಟ್ ಓಡಿಸಿದ್ದೂ ಫೋರ್ಡ್. ಒಂದು ಮಾತು ಇಲ್ಲಿ ಸೇರಿಸಲೇಬೇಕು. ಎಂಜಿನ್ ನಿಯಮದ ಜಗಳದಿಂದ ಕ್ರೈಸ್ಲರ್ ಕಂಪನಿ ಆ ವರ್ಷದ ಬಹುಪಾಲು ರೇಸುಗಳಿಂದ ದೂರ ಉಳಿದಿತ್ತು. ಎದುರಾಳಿ ಇಲ್ಲದ ಅಖಾಡ ಫೋರ್ಡ್‌ಗೆ ಅನುಕೂಲವಾಯಿತು.

ಎರಡು, ನಿಶ್ಶಬ್ದ. ಗ್ಯಾಲಕ್ಸಿ 500ರಲ್ಲೇ ‘ಎಲ್‌ಟಿಡಿ’ ಅನ್ನೋ ಐಷಾರಾಮಿ ಮಾದರಿ ತಂದ ಫೋರ್ಡ್, ಓಡುವಾಗ ಒಳಗಿನ ಸದ್ದು ಅಳೆಸಿ, ನಮ್ಮ ಕಾರು ರೋಲ್ಸ್ ರಾಯ್ಸ್‌ಗಿಂತ ನಿಶ್ಶಬ್ದ ಅಂತ ಜಾಹೀರಾತು ಕೊಟ್ಟಿತು. ಜನ ನಕ್ಕರು, ಆದರೂ ನೆನಪಿಟ್ಟುಕೊಂಡರು. ಷೆವರ್ಲೆ ಸುಮ್ಮನೆ ಕೂರಲಿಲ್ಲ. ಕೆಲವೇ ತಿಂಗಳಲ್ಲಿ ನಾಲ್ಕು ಬಾಗಿಲ ಇಂಪಾಲಾಗೆ ಒಳ್ಳೇ ಸೀಟು, ಅಲಂಕಾರ ಸೇರಿಸಿ ‘ಕ್ಯಾಪ್ರಿಸ್’ ಅಂತ ಬಿಟ್ಟಿತು. ಮುಂದಿನ ವರ್ಷ ಅದು ಪ್ರತ್ಯೇಕ ಮಾದರಿಯೇ ಆಯಿತು.

ಎಂಜಿನ್ ಮತ್ತು ಗೇರು: ಓಡಿಸೋಕೆ ಯಾವುದು ಚೆನ್ನ?

ಎರಡರಲ್ಲೂ ಆರು ಸಿಲಿಂಡರಿನ ಸಾದಾ ಎಂಜಿನ್ ಇತ್ತು, ಎಂಟು ಸಿಲಿಂಡರಿನ ‘ವಿ8’ ಕೂಡ ಇತ್ತು. ಸಂಗ್ರಾಹಕರು ಹುಡುಕೋದು ವಿ8ನ್ನೇ.

• ಇಂಪಾಲಾ: 283 ಕ್ಯೂಬಿಕ್ ಇಂಚು (4.6 ಲೀಟರ್), 327 (5.4 ಲೀಟರ್), ಅದರ ಮೇಲೆ 409 (6.7 ಲೀಟರ್). ವರ್ಷದ ನಡುವೆ ಹೊಸ 396 (6.5 ಲೀಟರ್) ಬಂತು.

• ಗ್ಯಾಲಕ್ಸಿ: 289 (4.7 ಲೀಟರ್), 352 (5.8 ಲೀಟರ್), 390 (6.4 ಲೀಟರ್), ರೇಸಿನ ಹುಲಿ 427 (7 ಲೀಟರ್).

ಅಂಬಾಸಿಡರ್ ಎಂಜಿನ್ 1.5 ಲೀಟರಿನದು ಅನ್ನೋದನ್ನ ನೆನೆದರೆ ಇವುಗಳ ಗಾತ್ರ ಅರ್ಥವಾಗುತ್ತೆ. ಮೈಲೇಜ್ ವಿಷಯ ಕೇಳಲೇಬೇಡಿ, ಲೀಟರ್‌ಗೆ ಐದಾರು ಕಿಲೋಮೀಟರ್ ಬಂದರೆ ಪುಣ್ಯ.

ಗೇರಿನಲ್ಲಿ ಮಾತ್ರ ಫೋರ್ಡ್ ಮುಂದಿತ್ತು. ಇಂಪಾಲಾದ ‘ಪವರ್‌ಗ್ಲೈಡ್’ ಆಟೊಮ್ಯಾಟಿಕ್‌ಗೆ ಇದ್ದಿದ್ದು ಎರಡೇ ಗೇರು. ಮೂರು ಗೇರಿನ ಆಟೊಮ್ಯಾಟಿಕ್ 1965ರಲ್ಲಿ ಹೊಸ 396 ಎಂಜಿನ್ ಜತೆ ಮಾತ್ರ ಸಿಗುತ್ತಿತ್ತು. ಫೋರ್ಡಿನ ‘ಕ್ರೂಸ್-ಒ-ಮ್ಯಾಟಿಕ್’ ಮೂರು ಗೇರಿನದು. ಏರು ಹತ್ತುವಾಗ, ಲಾರಿ ಹಿಂದಿಕ್ಕುವಾಗ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತೆ. ಪವರ್‌ಗ್ಲೈಡ್ ಪರವಾಗಿ ಹೇಳೋದಾದರೆ, ಅದರೊಳಗೆ ಭಾಗಗಳು ಕಡಿಮೆ, ರಿಪೇರಿ ಸುಲಭ.

ಹೆಚ್ಚು ಇರೋದಕ್ಕೇ ಹೆಚ್ಚು ಬೆಲೆ, ಯಾಕೆ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ವ್ಯಾಪಾರ ಮಾಡೋರಿಗೆ ಉತ್ತರ ಬೇಗ ಹೊಳೆಯುತ್ತೆ. ಬೆಲೆ ನಿಲ್ಲೋದು ಮಾಲು ಎಷ್ಟಿದೆ ಅನ್ನೋದರ ಮೇಲಷ್ಟೇ ಅಲ್ಲ, ಎಷ್ಟು ಜನಕ್ಕೆ ಬೇಕು ಅನ್ನೋದರ ಮೇಲೂ.

ಇಂಪಾಲಾ 10 ಲಕ್ಷ ಮನೆಗಳಿಗೆ ಹೋಯಿತು ಅಂದರೆ, ಅದರ ಹಿಂದಿನ ಸೀಟಿನಲ್ಲಿ ಕೂತು ಬೆಳೆದ ಮಕ್ಕಳು ಲಕ್ಷಾಂತರ. ಅವರು ದೊಡ್ಡವರಾಗಿ, ಕೈಯಲ್ಲಿ ದುಡ್ಡು ಬಂದಾಗ ಹುಡುಕಿದ್ದು ಅಪ್ಪನ ಕಾರನ್ನೇ. ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದ ಮೆಕ್ಸಿಕನ್ ಮೂಲದ ಯುವಕರು ಹಳೇ ಇಂಪಾಲಾಗಳನ್ನು ಕಡಿಮೆ ಬೆಲೆಗೆ ಕೊಂಡು, ನೆಲಕ್ಕೆ ತಾಗುವಷ್ಟು ಇಳಿಸಿ, ಬಣ್ಣ ಬಳಿದು, ಹೈಡ್ರಾಲಿಕ್ ಪಂಪಿನಿಂದ ಎದ್ದು ಕುಣಿಯುವ ‘ಲೋರೈಡರ್’ ಮಾಡಿಕೊಂಡರು. ಕಾರನ್ನು ಚಕ್ರದ ರಿಮ್ಮಿಗಿಂತ ಕೆಳಗೆ ಇಳಿಸಬಾರದು ಅನ್ನೋ 1950ರ ದಶಕದ ಕಾನೂನಿನಿಂದ ತಪ್ಪಿಸಿಕೊಳ್ಳೋಕೆ, ಪೊಲೀಸರು ಕಂಡಾಗ ಮೇಲೇಳುವ ಪಂಪು ಬಂತು. ಲೋರೈಡರ್‌ಗಳಿಗೆ ಅಡ್ಡಿಯಾಗಿದ್ದ ನಿರ್ಬಂಧಗಳನ್ನು ಆ ರಾಜ್ಯ ತೆಗೆದಿದ್ದು 2024ರ ಜನವರಿಯಿಂದ. ಲೋರೈಡರ್‌ಗಳ ಅಚ್ಚುಮೆಚ್ಚು 1964ರ ಮಾದರಿ, ಆದರೆ ಆ ಹೆಸರಿನ ಮೆರುಗು 1965ಕ್ಕೂ ತಾಗಿದೆ. ಆಮೇಲೆ ‘ಸೂಪರ್‌ನ್ಯಾಚುರಲ್’ ಅನ್ನೋ ಟಿವಿ ಧಾರಾವಾಹಿಯಲ್ಲಿ 1967ರ ಕಪ್ಪು ಇಂಪಾಲಾ ಬಂದು ಹೊಸ ತಲೆಮಾರಿಗೂ ಹೆಸರು ತಲುಪಿತು.

ಗ್ಯಾಲಕ್ಸಿಗೂ ಟಿವಿ ನಂಟಿದೆ. ‘ಆಂಡಿ ಗ್ರಿಫಿತ್ ಶೋ’ದಲ್ಲಿ ಊರಿನ ಷರೀಫನ ಕಾರು ಗ್ಯಾಲಕ್ಸಿಯೇ. ಆದರೆ ಪೊಲೀಸ್ ಕಾರಿನ ನೆನಪು ಬೇರೆ, ಅಪ್ಪನ ಕಾರಿನ ನೆನಪು ಬೇರೆ. ಜತೆಗೆ ಫೋರ್ಡ್ ಪ್ರಿಯರ ದುಡ್ಡೆಲ್ಲ ಅದೇ ಕಂಪನಿಯ ಮಸ್ಟಾಂಗ್ ಕಡೆ ಹರಿಯಿತು. ಗ್ಯಾಲಕ್ಸಿ ಮನೆಯ ಹಿರಿ ಮಗನ ಹಾಗೆ ಹಿಂದೆ ಉಳಿಯಿತು.

ಸ್ಪೇರ್ ಪಾರ್ಟ್: ನಿಜವಾದ ಖರ್ಚು ಇಲ್ಲಿದೆ

ಬೇಡಿಕೆ ಇರುವ ಕಾರಿಗೆ ಬಿಡಿಭಾಗ ತಯಾರಿಸೋಕೆ ಜನ ಮುಂದೆ ಬರ್ತಾರೆ. ಇಂಪಾಲಾಗೆ ನೆಲದ ತಗಡು, ಡಿಕ್ಕಿಯ ತಗಡು, ಸೀಟಿನ ಬಟ್ಟೆ, ಬಾಗಿಲ ರಬ್ಬರು, ಹೊಳೆಯುವ ಪಟ್ಟಿಗಳು ಹೀಗೆ ಬಹಳಷ್ಟು ಹೊಸದಾಗಿಯೇ ಸಿಗುತ್ತೆ. ಅದರ 283 ಮತ್ತು 327 ಎಂಜಿನ್‌ಗಳು ಷೆವರ್ಲೆಯ 1955ರ ಪ್ರಸಿದ್ಧ ‘ಸ್ಮಾಲ್ ಬ್ಲಾಕ್’ ವಂಶದವು. ಈ ವಂಶದ 10 ಕೋಟಿಯ ಎಂಜಿನ್ 2011ರಲ್ಲಿ ತಯಾರಾಯಿತು. ಪಾರ್ಟ್ ಸಿಗದ ಮಾತೇ ಇಲ್ಲ.

ಗ್ಯಾಲಕ್ಸಿ ಕಥೆ ಬೇರೆ. 289 ಎಂಜಿನ್ ಇದ್ದರೆ ಚಿಂತೆ ಇಲ್ಲ, ಮಸ್ಟಾಂಗ್‌ಗೂ ಅದೇ ಎಂಜಿನ್, ಹಾಗಾಗಿ ಪಾರ್ಟ್ ಸಲೀಸು. 352, 390 ಎಂಜಿನ್‌ಗಳಿಗೂ ಸಿಗುತ್ತೆ, ಆದರೆ ಖರ್ಚು ಹೆಚ್ಚು. ತೊಂದರೆ ಇರೋದು ಎಂಜಿನ್‌ನಲ್ಲಲ್ಲ, ಮೈಯಲ್ಲಿ. ಗ್ಯಾಲಕ್ಸಿಗೇ ಮೀಸಲಾದ ಹೊಳಪು ಪಟ್ಟಿ, ದೀಪದ ಸುತ್ತಿನ ಅಲಂಕಾರ, ಒಳಗಿನ ಸಣ್ಣಪುಟ್ಟ ಪ್ಲಾಸ್ಟಿಕ್ ಇವೆಲ್ಲ ಹೊಸದಾಗಿ ಸಿಗೋದು ಕಡಿಮೆ. ಗುಜರಿಗೆ ಹೋದ ಇನ್ನೊಂದು ಗ್ಯಾಲಕ್ಸಿ ಹುಡುಕಿ ಬಿಚ್ಚಿಕೊಳ್ಳಬೇಕು.

ಹಾಗಾಗಿ ಲೆಕ್ಕ ಇಷ್ಟು: ಕೆಟ್ಟು ನಿಂತ ಇಂಪಾಲಾ ಕೊಂಡರೂ ಎತ್ತಿ ನಿಲ್ಲಿಸಬಹುದು. ಕೆಟ್ಟು ನಿಂತ ಗ್ಯಾಲಕ್ಸಿ ಅಗ್ಗವಾಗಿ ಸಿಕ್ಕಿತು ಅಂತ ಕೊಂಡರೆ, ಉಳಿಸಿದ ದುಡ್ಡು ಒಂದೊಂದೇ ಪಟ್ಟಿ ಹುಡುಕುವುದರಲ್ಲಿ ಕರಗುತ್ತೆ. ಗ್ಯಾಲಕ್ಸಿ ಕೊಳ್ಳೋದಾದರೆ ಪೂರ್ತಿ ಇರುವ, ಏನೂ ಕಳೆದುಕೊಳ್ಳದ ಕಾರನ್ನೇ ಕೊಳ್ಳಬೇಕು.

ಚಾಸಿ ನಂಬರ್ ಸುಳ್ಳು ಹೇಳಲ್ಲ, ಆದರೆ ಎಲ್ಲವನ್ನೂ ಹೇಳಲ್ಲ

ಹಳೇ ಕಾರು ಪೇಟೆಯಲ್ಲಿ ದೊಡ್ಡ ಮೋಸ ಅಂದರೆ ಸಾದಾ ಕಾರಿಗೆ ಬ್ಯಾಡ್ಜ್ ಅಂಟಿಸಿ ದುಬಾರಿ ಮಾದರಿ ಅಂತ ಮಾರೋದು. ಇಲ್ಲಿ ಎರಡು ಕಾರುಗಳಿಗೂ ಮುಖ್ಯ ವ್ಯತ್ಯಾಸವಿದೆ.

1965ರ ಇಂಪಾಲಾದಲ್ಲಿ ನಂಬರ್ 164 ಅಂತ ಶುರುವಾದರೆ ಸಾದಾ ಇಂಪಾಲಾ ವಿ8, 166 ಆದರೆ ಸೂಪರ್ ಸ್ಪೋರ್ಟ್ ವಿ8. ಮುಂದಿನ ಎರಡು ಅಂಕಿ 37 ಇದ್ದರೆ ಎರಡು ಬಾಗಿಲಿನದು, 67 ಇದ್ದರೆ ಹುಡ್ ತೆರೆಯುವ ಕನ್ವರ್ಟಿಬಲ್. ಮೈಮೇಲೆ ‘ಎಸ್‌ಎಸ್’ ಇದ್ದು ನಂಬರ್ 164 ಇದ್ದರೆ ಅಲ್ಲಿಗೇ ಮಾತು ಮುಗೀತು. ಆದರೆ ವಿ8ಗಳಲ್ಲಿ ಯಾವ ವಿ8 ಅನ್ನೋದನ್ನ ಈ ನಂಬರ್ ಹೇಳಲ್ಲ. 283 ಹಾಕಿ ಬಂದ ಕಾರಿಗೆ ಆಮೇಲೆ 396 ಕೂರಿಸಿದರೂ ನಂಬರ್ ಅದೇ. ಕಂಪನಿಯಿಂದಲೇ 396 ಅಥವಾ 409 ಬಂದಿದ್ದು ಅಂತ ಹೆಚ್ಚು ದುಡ್ಡು ಕೇಳಿದರೆ, ಹಳೇ ಕಾಗದಪತ್ರ ಮತ್ತು ಎಂಜಿನ್ ಮೇಲಿನ ಅಚ್ಚು ಎರಡೂ ತಾಳೆಯಾಗಬೇಕು.

ಫೋರ್ಡ್ ಈ ವಿಷಯದಲ್ಲಿ ಪ್ರಾಮಾಣಿಕ. ಅದರ ನಂಬರಿನಲ್ಲಿ ಮೊದಲ ಅಂಕಿ ವರ್ಷ, ಎರಡನೆಯದು ಕಾರ್ಖಾನೆ, ಮುಂದಿನೆರಡು ಮಾದರಿ, ಐದನೆಯದು ಎಂಜಿನ್ನಿನ ಅಕ್ಷರ. ‘ಸಿ’ ಇದ್ದರೆ 289, ‘ಝಡ್’ ಇದ್ದರೆ 390, ‘ಆರ್’ ಇದ್ದರೆ 427. 427 ಇರುವ ಗ್ಯಾಲಕ್ಸಿಗೆ ಮಾತ್ರ ಮೇಲೆ ಹೇಳಿದ ಬೆಲೆಯ ಲೆಕ್ಕ ಅನ್ವಯಿಸಲ್ಲ, ಅದು ಸಾದಾ ಇಂಪಾಲಾಗಳನ್ನು ಮೀರಿಸುತ್ತೆ. ಅದಕ್ಕೇ ಆ ಐದನೇ ಅಕ್ಷರ ನೋಡದೆ ಯಾರೂ ಮುಂಗಡ ಕೊಡಲ್ಲ.

ನೋಡೋಕೆ ಹೋದಾಗ ಏನು ನೋಡಬೇಕು?

• ತುಕ್ಕು: ಪೇಂಟ್ ಹೊಳಪಿಗೆ ಮರುಳಾಗಬೇಡಿ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳ ಕಾರುಗಳು ಕೆಳಗಿನಿಂದ ತಿಂದು ಹೋಗಿರುತ್ತವೆ. ಇಂಪಾಲಾದಲ್ಲಿ ಡಿಕ್ಕಿಯ ನೆಲ, ಹಿಂಬದಿ ಗಾಜಿನ ಸುತ್ತ, ಹಿಂದಿನ ಚಕ್ರದ ಮೇಲ್ಭಾಗ ನೋಡಿ. ಗ್ಯಾಲಕ್ಸಿಯಲ್ಲಿ ಮೊದಲು ಚಾಸಿಯನ್ನೇ ನೋಡಿ, ವಿಶೇಷವಾಗಿ ಹಿಂದಿನ ಚಕ್ರದ ಹತ್ತಿರ ಅದು ಮೇಲಕ್ಕೆ ಬಾಗುವ ಜಾಗ. ತಗಡು ಹೋದರೆ ಟಿಂಕರ್ ಕೆಲಸ, ಚಾಸಿ ಹೋದರೆ ಕಾರೇ ಹೋದ ಹಾಗೆ.

• ಎಂಜಿನ್ ಮೌಂಟ್: ಇಂಪಾಲಾ ಕೊಳ್ಳೋರು ಮರೆಯಬಾರದ ವಿಷಯ. ಎಂಜಿನ್ ಕೂರುವ ರಬ್ಬರ್ ಮೌಂಟ್ ಹರಿದರೆ ಎಂಜಿನ್ ಮೇಲೆದ್ದು ಆಕ್ಸಿಲರೇಟರ್ ತಾನೇ ಎಳೆದುಕೊಳ್ಳುವ ಅಪಾಯವಿತ್ತು. ಇದೇ ಕಾರಣಕ್ಕೆ 1971ರ ಕೊನೆಯಲ್ಲಿ ಜನರಲ್ ಮೋಟರ್ಸ್ 1965ರಿಂದ 1969ರವರೆಗಿನ ಸುಮಾರು 67 ಲಕ್ಷ ಷೆವರ್ಲೆ ವಾಹನಗಳನ್ನು ವಾಪಸ್ ಕರೆಯಬೇಕಾಯಿತು. ಮೌಂಟ್ ಹೊಸದಾ ಅಂತ ಕೇಳಿ.

• ಬ್ರೇಕ್: ಎರಡರಲ್ಲೂ ಸಾಮಾನ್ಯವಾಗಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಎಣ್ಣೆಯ ದಾರಿ ಒಂದೇ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತೆ. ಓಡಿಸುವ ಉದ್ದೇಶ ಇದ್ದವರು ಮೊದಲ ಖರ್ಚು ಇಲ್ಲಿಗೇ ಮಾಡಬೇಕು.

• ಪೆಟ್ರೋಲ್: ಈ ಎಂಜಿನ್‌ಗಳು ಸೀಸ ಬೆರೆಸಿದ ಪೆಟ್ರೋಲ್ ಕಾಲದವು. ಈಗಿನ ಎಥೆನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪು, ಕಾರ್ಬೊರೇಟರ್ ಗ್ಯಾಸ್ಕೆಟ್‌ಗಳನ್ನು ತಿನ್ನುತ್ತೆ. ಪೈಪ್ ಬದಲಿಸದೆ ಓಡಿಸಿದರೆ ಬೆಂಕಿಯ ಅಪಾಯ.

ಬೆಲೆಯ ಮೆಟ್ಟಿಲು ಎರಡೂ ಕಾರಿಗೂ ಒಂದೇ: ಎಲ್ಲಕ್ಕಿಂತ ಮೇಲೆ ಕನ್ವರ್ಟಿಬಲ್, ಆಮೇಲೆ ಎರಡು ಬಾಗಿಲಿನದು, ಕೊನೆಗೆ ನಾಲ್ಕು ಬಾಗಿಲಿನದು. ಸಂಸಾರದ ಜತೆ ತಿರುಗಾಡೋಕೆ ಬೇಕು ಅನ್ನೋರಿಗೆ ನಾಲ್ಕು ಬಾಗಿಲಿನದೇ ಲಾಭ.

ನಮ್ಮ ದೇಶಕ್ಕೆ ತಂದರೆ?

ಇಂಪಾಲಾ ಹೆಸರು ನಮ್ಮ ಹಿರಿಯರಿಗೆ ಹೊಸದಲ್ಲ. ಹಳೇ ಹಿಂದಿ ಸಿನಿಮಾಗಳಲ್ಲಿ ಶ್ರೀಮಂತರ ಕಾರು ಅಂದರೆ ಅದೇ. ಹಳೇ ಕಾರುಗಳ ಅಂದ ಕಣ್ಣಾರೆ ನೋಡಬೇಕು ಅನ್ನೋರಿಗೆ ಧರ್ಮಸ್ಥಳದ ಕಾರ್ ಮ್ಯೂಸಿಯಂ ಇದೆ, ಮೈಸೂರು–ಶ್ರೀರಂಗಪಟ್ಟಣದ ಕಡೆ ‘ಪಯಣ’ ಮ್ಯೂಸಿಯಂ ಇದೆ.

ಮನೆಗೇ ತಂದು ಇಟ್ಟುಕೊಳ್ಳುವ ಆಸೆ ಇದ್ದರೆ 2021ರ ಕೇಂದ್ರ ನಿಯಮ ತಿಳಿದಿರಲಿ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಂಟೇಜ್’ ನೋಂದಣಿ ಸಿಗುತ್ತೆ. ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ನಿಯಮ ಬಂದಾಗ ಇಟ್ಟ ಶುಲ್ಕ ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000. ಹೊರದೇಶದಿಂದ ಬಂದಿದ್ದಾದರೆ ಕಸ್ಟಮ್ಸ್ ದಾಖಲೆ ಬೇಕೇ ಬೇಕು.

ಮುಖ್ಯವಾದ ಷರತ್ತು: ಪ್ರದರ್ಶನ, ವಿಂಟೇಜ್ ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋಕೆ ಹೀಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕಿಲ್ಲ, ದುಡಿಮೆಗೂ ಇಲ್ಲ. ಮದುವೆ ದಿಬ್ಬಣಕ್ಕೆ ಬಾಡಿಗೆ ಬಿಟ್ಟು ಅಸಲು ತೆಗೀತೀನಿ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಚಾಸಿ, ಬಾಡಿ, ಎಂಜಿನ್ ಬದಲಿಸಿ ಕುಣಿಯುವ ಲೋರೈಡರ್ ಮಾಡಿದ್ದರೆ ‘ಮೂಲ ರೂಪ’ದ ಷರತ್ತಿಗೇ ಪೆಟ್ಟು.

ಕೊನೆಗೆ ಯಾವುದು?

ಮೊದಲ ಸಲ ಹಳೇ ಕಾರು ಕೊಳ್ಳೋರಿಗೆ, ತಾವೇ ಸ್ವಲ್ಪ ಸ್ವಲ್ಪ ರಿಪೇರಿ ಮಾಡ್ಕೊಂಡು ಹೋಗ್ತೀನಿ ಅನ್ನೋರಿಗೆ, ಮುಂದೆ ಮಾರಬೇಕಾಗಿ ಬಂದರೆ ಬೇಗ ಗಿರಾಕಿ ಸಿಗಲಿ ಅನ್ನೋರಿಗೆ ಇಂಪಾಲಾ ಸರಿ. ಕೊಳ್ಳುವಾಗ ಹೆಚ್ಚು ಕೊಟ್ಟರೂ ಆ ದುಡ್ಡು ಎಲ್ಲೂ ಹೋಗಲ್ಲ.

ಮಾರೋ ಯೋಚನೆ ಇಲ್ಲ, ಆರಾಮಾಗಿ ಓಡಿಸಬೇಕು, ಪ್ರದರ್ಶನದಲ್ಲಿ ಸಾಲಾಗಿ ನಿಂತ ಹತ್ತು ಇಂಪಾಲಾಗಳ ನಡುವೆ ಬೇರೆಯಾಗಿ ಕಾಣಬೇಕು ಅನ್ನೋರಿಗೆ ಗ್ಯಾಲಕ್ಸಿ. ಷರತ್ತು ಎರಡೇ: ಚಾಸಿ ಗಟ್ಟಿ ಇರಬೇಕು, ಬಿಡಿಭಾಗ ಒಂದೂ ಕಳೆದಿರಬಾರದು.

ಎರಡರಲ್ಲಿ ಯಾವುದಾದರೂ ಸರಿ, ಮಾರುವವನ ಬಾಯಿಮಾತಿಗಿಂತ ಮೊದಲು ಕಾರಿನ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಆಮೇಲೆ ಚಾಸಿ ನಂಬರ್ ಓದಿ. ಪೇಂಟ್ ನೋಡೋದು ಎಲ್ಲಕ್ಕಿಂತ ಕೊನೆಗೆ.